ಹಳೇ ಜೀಪಿಗೆ ಯಾವ ಟಾಪು, ಯಾವ ಕೋಟಿಂಗು? ಮಳೆಗಾಲಕ್ಕೆ ಮುಂಚೆ ಒಂದು ಲೆಕ್ಕಾಚಾರ

ಮೇ ತಿಂಗಳು ಅರ್ಧ ಕಳೆಯಿತೆಂದರೆ ನನ್ನ ಫೋನಿಗೆ ಜೀಪಿನ ಪ್ರಶ್ನೆಗಳು ಶುರುವಾಗುತ್ತವೆ. “ಭಾವ, ಟಾಪು ಪೂರ್ತಿ ಹರಿದಿದೆ. ರೆಕ್ಸಿನ್ ಹಾಕಿಸಲಾ, ಕ್ಯಾನ್ವಾಸಾ? ಇಲ್ಲಾ ಫೈಬರ್ ಟಾಪೇ ಕೂರಿಸಿಬಿಡಲಾ?” ಇದು ಕಳೆದ ವರ್ಷ ನನ್ನ ಹೆಂಡತಿಯ ತಮ್ಮ ಕೇಳಿದ್ದು. ಎರಡು ನಿಮಿಷ ಬಿಟ್ಟು ಇನ್ನೊಂದು: “ಡ್ರೈವರ್ ಕಾಲಡಿ ರಸ್ತೆ ಕಾಣಿಸ್ತಿದೆ. ಕೆಳಗಿನಿಂದ ಟಾರ್ ಕೋಟಿಂಗ್ ಹೊಡೆಸಿದರೆ ನಡೆಯುತ್ತಾ?”

ನಡೆಯುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಒಂದನ್ನು ಒಪ್ಪಿಕೊಂಡುಬಿಡೋಣ. ಬಟ್ಟೆ ಟಾಪಿನ ಹಳೇ ಗಾಡಿ ಸೋರಿಯೇ ಸೋರುತ್ತದೆ. ಜೀಪು ಮಾಡಿದವರಿಗೂ ಇದು ಗೊತ್ತಿತ್ತು. ಯುದ್ಧಕಾಲದ ವಿಲ್ಲಿಸ್ ಎಂಬಿ ಜೀಪಿನ ಫ್ಲೋರಿನಲ್ಲಿ ನೀರು ಹೋಗಲಿ ಎಂದೇ ತೂತು ಬಿಟ್ಟಿದ್ದರು. ನಮ್ಮಲ್ಲಿ ಎಷ್ಟೋ ಗಾಡಿಗಳಲ್ಲಿ ಆ ತೂತುಗಳನ್ನು ಯಾರೋ ಪುಣ್ಯಾತ್ಮರು “ನೀರು ಬರ್ತದೆ” ಅಂತ ವೆಲ್ಡ್ ಮಾಡಿ ಮುಚ್ಚಿದ್ದಾರೆ. ಕೆಳಗಿನಿಂದ ಬರುವ ನೀರು ಸ್ವಲ್ಪ. ಮೇಲಿನಿಂದ ಬಂದು ನಿಲ್ಲುವ ನೀರೇ ಜಾಸ್ತಿ. ಹಾಗಾಗಿ ಟಾಪು, ಬಣ್ಣ, ಕೋಟಿಂಗು ಯಾವುದೇ ಇರಲಿ, ನಾನು ಮೊದಲು ಕೇಳುವುದು ಇಷ್ಟೇ: ಒಳಗೆ ಬಂದ ನೀರು ಎಷ್ಟು ಬೇಗ ಹೊರಗೆ ಹೋಗುತ್ತದೆ, ಬಾಡಿ ಎಷ್ಟು ಬೇಗ ಒಣಗುತ್ತದೆ?

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು ಊರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ. ಬೆಂಗಳೂರಲ್ಲಿ ಸುಮಾರು 1,000 ಮಿ.ಮೀ. ಅಷ್ಟೇ. ಕುಂದಾಪುರ, ಕಾರವಾರದಲ್ಲಿ ಮಳೆಯ ಜೊತೆ ಉಪ್ಪು ಗಾಳಿಯೂ ಸೇರುತ್ತದೆ. ಬೆಂಗಳೂರಿನ ಗ್ಯಾರೇಜಿನಲ್ಲಿ ಹತ್ತು ವರ್ಷ ಬಾಳಿದ ಕೆಲಸ ತೀರ್ಥಹಳ್ಳಿಯಲ್ಲಿ ಮೂರು ಮಳೆಗಾಲಕ್ಕೆ ಎದ್ದು ಬರಬಹುದು. ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಸುರಿಯಲೇಬೇಕು ಅಂತಿಲ್ಲ, ಗಾಳಿಯ ತೇವವೇ ಸಾಕು. ಪುನರ್ವಸು, ಪುಷ್ಯ ಮಳೆಯ ದಿನಗಳಲ್ಲಿ ಹಗ್ಗದ ಮೇಲಿನ ಪಂಚೆ ನಾಲ್ಕು ದಿನವಾದರೂ ಒಣಗುವುದಿಲ್ಲ ಅಲ್ವಾ? ಜೀಪಿನ ಫ್ಲೋರೂ ಹಾಗೇ.

ಎರಡನೆಯದು, ಗಾಡಿಯಲ್ಲಿ ಏನು ಹೇರುತ್ತೀರಿ ಎಂಬುದು. ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ತೋಟದ ಜೀಪಿಗೆ ಮಳೆಗಿಂತ ದೊಡ್ಡ ಶತ್ರು ಪೊಟ್ಯಾಷ್ ಗೊಬ್ಬರದ ಮೂಟೆ. ನಾವು ತರುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಸಮುದ್ರದ ಉಪ್ಪಿನ ಅಣ್ಣತಮ್ಮ. ಮೂಟೆಯಿಂದ ಉದುರಿದ ಒಂದು ಹಿಡಿ ಫ್ಲೋರಿನ ಸಂದಿಯಲ್ಲಿ ಕೂತರೆ ಸಾಕು, ಗಾಳಿಯ ತೇವವನ್ನು ಹೀರಿಕೊಂಡು ಅಲ್ಲೇ ಕೆಲಸ ಶುರು ಮಾಡುತ್ತದೆ. ಮೈಲುತುತ್ತ ಇನ್ನೂ ಮೋಸದ್ದು. ತಾಮ್ರದ ಸಲ್ಫೇಟಿನ ನೀರು ಬಣ್ಣ ಹೋದ ಕಬ್ಬಿಣಕ್ಕೆ ತಗುಲಿದರೆ ತಾಮ್ರ ಅಲ್ಲಿ ಕೂತು ಕಬ್ಬಿಣ ಕರಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಡ್ರಮ್ಮು ಹೊತ್ತ ಜೀಪಿನ ಹಿಂಭಾಗ ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ಮೂರನೆಯದು, ಗಾಡಿ ದಿನಾ ಓಡುತ್ತದಾ ಅಥವಾ ಭಾನುವಾರ ಮಾತ್ರವಾ. ನಾಲ್ಕನೆಯದು, ಮಾಡಿದ್ದನ್ನು ಮುಂದೆ ತೆಗೆಯೋಕಾಗುತ್ತಾ. ಕೊನೆಯದು ನಿಮ್ಮ ಸೋಮಾರಿತನ. ಇದನ್ನು ಪ್ರಾಮಾಣಿಕವಾಗಿ ಅಳೆದುಕೊಳ್ಳಿ. ವರ್ಷಕ್ಕೊಮ್ಮೆ ಗಾಡಿ ಅಡಿಗೆ ಮಲಗಿ ಎರಡು ಗಂಟೆ ಕೆಲಸ ಮಾಡುವವರಿಗೆ ಒಂದು ದಾರಿ, ಮಾಡದವರಿಗೆ ಇನ್ನೊಂದು.

ಟಾಪು: ರೆಕ್ಸಿನ್, ಕ್ಯಾನ್ವಾಸ್, ಫೈಬರ್

ರೆಕ್ಸಿನ್ ಅಗ್ಗ. ಸೀಟು ಹೊಲಿಯುವ ಯಾವ ಅಂಗಡಿಯಲ್ಲಾದರೂ ಎರಡು ದಿನದಲ್ಲಿ ಹೊಲಿದು ಕೊಡುತ್ತಾರೆ. ಬಟ್ಟೆಯ ಮೇಲೆ ಪಿವಿಸಿ ಪದರ ಇರುವುದರಿಂದ ಅದರ ಮೈಯಿಂದ ನೀರು ಇಳಿಯುವುದೇ ಇಲ್ಲ. ಸೋರುವುದು ಹೊಲಿಗೆಯಲ್ಲಿ. ಸೂಜಿ ಹಾಕಿದ ಪ್ರತಿ ತೂತೂ ತೂತಾಗಿಯೇ ಉಳಿಯುತ್ತದೆ. ಹೊಲಿದ ಮೇಲೆ ಒಳಗಿನಿಂದ ಸೀಮಿಗೆ ಪಟ್ಟಿ ಅಂಟಿಸಿ ಅಂತ ಹೇಳಿ ಮಾಡಿಸಬೇಕು, ತಾವಾಗಿ ಮಾಡುವವರು ಕಡಿಮೆ. ಬಿಸಿಲಿಗೆ ರೆಕ್ಸಿನ್ ಬಿರುಸಾಗಿ ಮಡಿಕೆಯಲ್ಲಿ ಸೀಳುತ್ತದೆ. ಇನ್ನೊಂದು ತೊಂದರೆ, ಅದು ಉಸಿರಾಡುವುದಿಲ್ಲ. ರಾತ್ರಿ ನಿಲ್ಲಿಸಿದ ಗಾಡಿಯ ಒಳಗಿನ ತೇವ ಟಾಪಿನ ಒಳಮೈಗೆ ಬೆವರಾಗಿ ಕೂತು ಬೆಳಿಗ್ಗೆ ತೊಟ್ಟಿಕ್ಕುತ್ತದೆ. ಸೋರುತ್ತಿದೆ ಅಂತ ಟಾಪು ಬದಲಾಯಿಸಿದ ಎಷ್ಟೋ ಜನರ ಗಾಡಿ ನಿಜಕ್ಕೂ ಬೆವರುತ್ತಿತ್ತು ಅಷ್ಟೇ.

ದಪ್ಪ ಹತ್ತಿಯ ಕ್ಯಾನ್ವಾಸಿನದು ಬೇರೆಯೇ ಸ್ವಭಾವ. ಮೊದಲ ಮಳೆಗೆ ಸ್ವಲ್ಪ ಜಿನುಗುತ್ತದೆ. ಆಮೇಲೆ ನೂಲು ನೀರು ಕುಡಿದು ಉಬ್ಬಿ ನೇಯ್ಗೆಯ ಸಂದಿಗಳೂ ಸೂಜಿ ತೂತುಗಳೂ ಮುಚ್ಚಿಕೊಳ್ಳುತ್ತವೆ. ಅದಕ್ಕೇ ಹತ್ತಿ ದಾರದಲ್ಲೇ ಹೊಲಿಸಬೇಕು. ನೈಲಾನ್ ದಾರ ಗಟ್ಟಿ, ಆದರೆ ಉಬ್ಬುವುದಿಲ್ಲ. ಕ್ಯಾನ್ವಾಸು ಉಸಿರಾಡುವುದರಿಂದ ಒಳಗೆ ಬೆವರು ಕಡಿಮೆ. ಆದರೆ ಒದ್ದೆ ಟಾಪನ್ನು ಮಡಚಿಟ್ಟಿರೋ, ವಾರದಲ್ಲಿ ಬೂಸ್ಟು. ಬಟ್ಟೆ ಸೋಪಿನ ಪುಡಿ ಹಾಕಿ ತಿಕ್ಕಿದರೆ ನೀರು ತಡೆಯುವ ಮೇಣ ಹೋಗುತ್ತದೆ, ಮತ್ತೆ ಮೇಣದ ದ್ರಾವಣ ಹಚ್ಚಬೇಕು. ಮಳೆಯಲ್ಲಿ ನೆನೆದರೆ ಎರಡು ಜನ ಎತ್ತುವಷ್ಟು ಭಾರ. ದುಡ್ಡು ರೆಕ್ಸಿನ್ನಿಗಿಂತ ಜಾಸ್ತಿ, ಒಳ್ಳೆಯ ಬಟ್ಟೆ ಹುಡುಕುವ ಅಲೆದಾಟ ಬೇರೆ.

ಫೈಬರ್ ಟಾಪು ಅಂದರೆ ಮೇಲಿನ ಚಿಂತೆ ಮುಗಿಯಿತು. ತುಕ್ಕು ಹಿಡಿಯುವುದಿಲ್ಲ, ನೀರು ಇಳಿಯುವುದಿಲ್ಲ, ಬೀಗ ಹಾಕಬಹುದು. ಆದರೆ ಅದು ಕೂರಲು ಬಾಡಿಯ ಅಂಚಿಗೆ ಸಾಲಾಗಿ ತೂತು ಕೊರೆಯುತ್ತಾರೆ. ಆ ತೂತಿನ ಅಂಚಿಗೆ ಬಣ್ಣ ಹಚ್ಚದೆ ಬೋಲ್ಟು ಬಿಗಿದರೆ ಎರಡು ವರ್ಷಕ್ಕೆ ಅಲ್ಲಿಂದ ಕೆಂಪು ಗೆರೆ ಇಳಿಯುತ್ತದೆ. ಕೆಟ್ಟ ರಸ್ತೆಯಲ್ಲಿ ಜೀಪಿನ ಬಾಡಿ ತಿರುಚಿಕೊಳ್ಳುತ್ತದೆ, ಫೈಬರ್ ಹಾಗೆ ಬಾಗುವುದಿಲ್ಲ. ಹಾಗಾಗಿ ಮಧ್ಯದ ರಬ್ಬರ್ ಬೀಡಿಂಗ್ ದಪ್ಪ ಇರಲೇಬೇಕು.

ಕಾಗದದ ಪ್ರಶ್ನೆಯೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಸ್ವರೂಪವನ್ನು ನಮಗೆ ಬೇಕಾದಂತೆ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಮತ್ತೆ ಗಟ್ಟಿಯಾಗಿ ಹೇಳಿತು. ಫೈಬರ್ ಟಾಪಿಗೆ ಅಡ್ವಾನ್ಸ್ ಕೊಡುವ ಮುಂಚೆ ಆರ್‌ಟಿಒದಲ್ಲಿ ಕೇಳಿಕೊಳ್ಳಿ. ನಿಮ್ಮದು 50 ವರ್ಷ ದಾಟಿದ ಗಾಡಿಯಾಗಿದ್ದು, 2021ರಲ್ಲಿ ಬಂದ ವಿಂಟೇಜ್ ನೋಂದಣಿ ಮಾಡಿಸುವ ಆಸೆ ಇದ್ದರೆ ಟಾಪಿನ ವಿಷಯದಲ್ಲಿ ಮೂಲ ರೂಪವನ್ನು ಮುಟ್ಟದಿರುವುದೇ ಕ್ಷೇಮ. ಗಾಡಿ ದೊಡ್ಡ ಬದಲಾವಣೆ ಇಲ್ಲದೆ ಇರಬೇಕು ಅನ್ನುತ್ತದೆ ಆ ನಿಯಮ. ಆದರೆ ವಿಂಟೇಜ್ ನಂಬರಿನ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಅದೂ ನೆನಪಿರಲಿ.

ನನ್ನ ಅಭಿಪ್ರಾಯ ಕೇಳಿದರೆ: ದಿನಾ ತೋಟಕ್ಕೆ ಓಡುವ ಗಾಡಿಗೆ ರೆಕ್ಸಿನ್ ಸಾಕು, ಹರಿದಾಗ ಹೊಸದು ಹೊಲಿಸಿ. ಪ್ರೀತಿಯಿಂದ ಇಟ್ಟುಕೊಂಡ, ಶೆಡ್ಡಿನಲ್ಲಿ ನಿಲ್ಲುವ ಗಾಡಿಗೆ ಕ್ಯಾನ್ವಾಸ್. ಮನೆಯಲ್ಲಿ ಇರುವುದು ಅದೊಂದೇ ವಾಹನ, ಮಕ್ಕಳನ್ನು ಮಳೆಯಲ್ಲಿ ಸ್ಕೂಲಿಗೆ ಬಿಡಬೇಕು ಅಂದರೆ ಮಾತ್ರ ಫೈಬರ್, ಅದೂ ಕಾಗದ ಸರಿಯಾದರೆ. ತಗಡಿನ ಟಾಪಿನ ಬಗ್ಗೆ ಬರೆಯುವುದೇ ಬೇಡ ಅಂದುಕೊಂಡಿದ್ದೆ. ಸೋರದ ಜಾಗಕ್ಕೂ ತುಕ್ಕು ತಂದುಕೊಳ್ಳುವ ಕೆಲಸ ಅದು.

ಹೊಸ ಟಾಪಿಗೆ ಮುಂಚೆ ಒಂದು ಪರೀಕ್ಷೆ

ಒಬ್ಬರು ಟಾರ್ಚು ಹಿಡಿದು ಒಳಗೆ ಕೂರಲಿ. ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ. ಕೆಳಗಿನಿಂದ ಶುರು ಮಾಡಿ ನಿಧಾನಕ್ಕೆ ಮೇಲೆ ಬರಬೇಕು. ಮೇಲಿನಿಂದಲೇ ಸುರಿದರೆ ಎಲ್ಲಾ ಕಡೆಯಿಂದ ಒಟ್ಟಿಗೆ ಬಂದು ಏನೂ ತಿಳಿಯುವುದಿಲ್ಲ. ಅನುಮಾನ ಇರುವ ಕಡೆ ಒಣ ನ್ಯೂಸ್ ಪೇಪರ್ ಹರಡಿದರೆ ಮೊದಲ ಹನಿಯೇ ಗುರುತು ಬಿಡುತ್ತದೆ.

ಹೀಗೆ ನೋಡಿದರೆ ಟಾಪು ನಿರಪರಾಧಿ ಅಂತ ಗೊತ್ತಾಗುವುದೇ ಜಾಸ್ತಿ. ಮಡಚುವ ವಿಂಡ್‌ಶೀಲ್ಡಿನ ಫ್ರೇಮು ಬಾನೆಟ್ ಹಿಂದಿನ ಕೌಲಿನ ಮೇಲೆ ಕೂರುವ ಕಡೆ ಒಂದು ರಬ್ಬರ್ ಇರುತ್ತದೆ. ಅದು ಕಲ್ಲಾಗಿರುತ್ತದೆ, ನೀರು ನೇರ ಕಾಲ ಮೇಲೆ. ವೈಪರ್ ಕಂಬಿಯ ಬುಡ, ಪೆಡಲ್ ತೂರುವ ಸಂದಿ, ಡೋರ್ ಕರ್ಟನ್ನಿನ ಕೆಳಗಿನ ಅಂಚು, ಇವೇ ಮಿಕ್ಕವು. ಈ ರಬ್ಬರುಗಳನ್ನೆಲ್ಲ ಬದಲಿಸಿದರೂ ಟಾಪಿನ ಖರ್ಚಿನ ಸಣ್ಣ ಪಾಲು. ಒಂದು ಎಚ್ಚರಿಕೆ: ಸಿಲಿಕಾನ್ ಮೆತ್ತಿ ಎಲ್ಲವನ್ನೂ ಮುಚ್ಚಬೇಡಿ. ಅದರ ಮೇಲೆ ಮುಂದೆ ಬಣ್ಣ ಹಿಡಿಯುವುದಿಲ್ಲ. ಕೆಲವು ಸಿಲಿಕಾನ್ ಒಣಗುವಾಗ ವಿನೆಗರ್ ವಾಸನೆ ಬರುತ್ತದಲ್ಲ, ಆ ಆಮ್ಲ ಬರೀ ಕಬ್ಬಿಣಕ್ಕೆ ಒಳ್ಳೆಯದಲ್ಲ.

ತುಕ್ಕಿಗೆ ಏನು ಹಚ್ಚೋದು

ಈಗ ಟಾರ್ ಕೋಟಿಂಗಿನ ಕಥೆ. ನಮ್ಮ ಮನೆಯ ಹೈ ಬಾನೆಟ್ ಜೀಪು ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ವಿಲ್ಲಿಸ್ 1953ರಲ್ಲಿ ಹೊರತಂದು, ಆಮೇಲೆ ಮಹೀಂದ್ರಾದವರು ಇಲ್ಲಿ ತಯಾರಿಸಿದ ಸಿಜೆ3ಬಿ. ಅದರ ಅಡಿಭಾಗಕ್ಕೆ ಒಂದು ಗ್ಯಾರೇಜಿನಲ್ಲಿ ಕಪ್ಪು ಅಂಡರ್‌ಬಾಡಿ ಕೋಟಿಂಗ್ ಹೊಡೆಸಿದೆ. ಕೆಳಗೆ ಬಗ್ಗಿ ನೋಡಿದರೆ ಹೊಸ ಗಾಡಿ! ಮೂರನೇ ಮಳೆಗಾಲದಲ್ಲಿ ಫ್ಲೋರು ಒತ್ತಿದರೆ ಹಪ್ಪಳದ ಹಾಗೆ ಮುರಿಯಿತು. ಹಳೇ ತುಕ್ಕನ್ನು ಕೆರೆಯದೆ ಮೇಲೆ ಹೊಡೆದಿದ್ದರು. ಕಪ್ಪು ಪದರ ಕೆಳಗಿನ ನೀರನ್ನು ತಡೆಯಿತು, ಮೇಲಿನಿಂದ ಇಳಿದ ನೀರನ್ನು ಒಳಗೇ ಹಿಡಿದಿಟ್ಟುಕೊಂಡಿತು. ಕೋಟಿಂಗು ಮಾತ್ರ ಚೆನ್ನಾಗಿಯೇ ಇತ್ತು, ಅದರ ಮೇಲೆ ಕಬ್ಬಿಣ ಇರಲಿಲ್ಲ.

ಟಾರು ಅಥವಾ ರಬ್ಬರಿನ ಅಂಡರ್‌ಬಾಡಿ ಕೋಟಿಂಗ್ ಕೆಟ್ಟದ್ದಲ್ಲ. ಬರೀ ಲೋಹ, ಪ್ರೈಮರ್, ಬಣ್ಣ ಆದಮೇಲೆ ಕಲ್ಲು ಸಿಡಿಯುವ ಮಡ್‌ಗಾರ್ಡ್ ಒಳಮೈಗೆ ಅದು ಒಳ್ಳೆಯ ರಕ್ಷಣೆ. ತುಕ್ಕಿನ ಮೇಲೆ ಹೊಡೆದರೆ ಮಾತ್ರ ಅದು ಪರದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಅಡಿಭಾಗ ತೀರಾ ಕಪ್ಪಗೆ ಹೊಳೆಯುತ್ತಿದ್ದರೆ ಸ್ಕ್ರೂಡ್ರೈವರ್ ತಗೊಂಡು ಒಮ್ಮೆ ಚುಚ್ಚಿ ನೋಡಿ.

ಟಿಂಕರ್‌ಗಳ ಅಚ್ಚುಮೆಚ್ಚಿನದು ರೆಡ್ ಆಕ್ಸೈಡ್. ಅಗ್ಗ, ಬ್ರಷ್ಷಿನಲ್ಲಿ ನಾವೇ ಹಚ್ಚಬಹುದು. ಆದರೆ ರೆಡ್ ಆಕ್ಸೈಡ್ ಪ್ರೈಮರು, ಮೇಲಿನ ಬಣ್ಣವಲ್ಲ. ಅದರ ಮೈ ತೇವ ಹೀರುತ್ತದೆ. “ಈ ಮಳೆ ಕಳೀಲಿ, ಆಮೇಲೆ ಬಣ್ಣ ಹೊಡೆಯೋಣ” ಅಂತ ಕೆಂಪಗೆ ಬಿಟ್ಟ ಗಾಡಿಗೆ ಆ ಮಳೆಯಲ್ಲೇ ಒಳಗಿಂದೊಳಗೆ ತುಕ್ಕು ಹಿಡಿದಿರುತ್ತದೆ. ಅದರ ಮೇಲೆ ಎರಡು ಕೋಟು ಎನಾಮೆಲ್ ಕೂಡಲೇ ಬಿದ್ದರೆ ಒಣ ಊರಿಗೆ ಇದು ಸಾಕಷ್ಟು ಒಳ್ಳೆಯ ದಾರಿ. ಮಲೆನಾಡಿನಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಕೈ ಹಚ್ಚುವ ತಯಾರಿ ಇರಬೇಕು.

ಹಾಕಿದ ದುಡ್ಡಿಗೆ ಬೆಲೆ ಕೊಡುವ ಕೆಲಸ ಅಂದರೆ ಎಪಾಕ್ಸಿ ಪ್ರೈಮರ್. ಎರಡು ಡಬ್ಬಿ ಕಲಸಿ ಹೊಡೆಯುವಂಥದ್ದು. ಲೋಹಕ್ಕೆ ಕಚ್ಚಿ ಹಿಡಿಯುತ್ತದೆ, ನೀರನ್ನು ರೆಡ್ ಆಕ್ಸೈಡಿಗಿಂತ ಎಷ್ಟೋ ಚೆನ್ನಾಗಿ ತಡೆಯುತ್ತದೆ. ಆದರೆ ಅದಕ್ಕೆ ಬಾಡಿ ಪೂರ್ತಿ ಬಿಚ್ಚಿ ಬರೀ ಲೋಹಕ್ಕೆ ತರಬೇಕು. ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸುವುದಾದರೆ ಚಾಸಿಗೆ, ಅಂದರೆ ಬಾಡಿ ಕೂರುವ ಕೆಳಗಿನ ಚೌಕಟ್ಟಿಗೆ ಮಾಡಿಸಿ. ಬಾನೆಟ್ಟಿನಂಥ ಅಗಲ ತಗಡಿಗೆ ಜೋರಾಗಿ ಮರಳು ಹೊಡೆದರೆ ಅಲೆಅಲೆಯಾಗಿ ಡೊಂಕಾಗುತ್ತದೆ. ಬ್ಲಾಸ್ಟ್ ಮಾಡಿದ ದಿನವೇ ಪ್ರೈಮರ್ ಬೀಳಬೇಕು. ಎಪಾಕ್ಸಿ ಬಿಸಿಲಿಗೆ ಸುಣ್ಣದ ಹಾಗೆ ಪುಡಿಯಾಗುತ್ತದೆ, ಮೇಲೆ ಪಿಯು (ಪಾಲಿಯುರೆಥೇನ್) ಬಣ್ಣ ಬೇಕೇ ಬೇಕು. ಖರ್ಚಿನಲ್ಲಿ ಬಣ್ಣಕ್ಕಿಂತ ಬಿಚ್ಚುವ, ಉಜ್ಜುವ ಕೂಲಿಯೇ ಜಾಸ್ತಿ.

ಕೆಲವರು ಚಾಸಿಯನ್ನು ಗ್ಯಾಲ್ವನೈಸ್ ಮಾಡಿಸುವ ಮಾತಾಡುತ್ತಾರೆ. ಸುಮಾರು 450 ಡಿಗ್ರಿ ಸೆಲ್ಸಿಯಸ್ ಕಾದ ಸತುವಿನಲ್ಲಿ ಮುಳುಗಿಸುವ ಕೆಲಸ. ಗೀರು ಬಿದ್ದರೂ ಸತು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ, ಅದು ನಿಜ. ಆದರೆ ತೆಳು ತಗಡು ಆ ಶಾಖಕ್ಕೆ ತಿರುಚಿಕೊಳ್ಳಬಹುದು. ಮುಚ್ಚಿದ ಟೊಳ್ಳು ಇದ್ದರೆ ಒಳಗಿನ ಗಾಳಿ, ತೇವ ಸಿಡಿಯುತ್ತದೆ. ಕರಾವಳಿಯಲ್ಲಿ ಇದ್ದು, ಚಾಸಿಯನ್ನು ಹೇಗಿದ್ದರೂ ಒಂಟಿಯಾಗಿ ಬಿಚ್ಚಿಟ್ಟಿದ್ದರೆ ವಿಚಾರಿಸಿ. ಉಳಿದವರಿಗೆ ಇದು ಬೇಡ.

ಇನ್ನು ರಸ್ಟ್ ಕನ್ವರ್ಟರ್. ಬಾಟಲಿಯಲ್ಲಿ ಬರುವ ಇದನ್ನು ಹಚ್ಚಿದರೆ ಕೆಂಪು ತುಕ್ಕು ಕಪ್ಪಾಗುತ್ತದೆ. ಮಾಯೆ ಏನಿಲ್ಲ. ಬಾಳೆಕಾಯಿ ಹೆಚ್ಚಿದ ಈಳಿಗೆ ಕಪ್ಪಾಗುತ್ತದಲ್ಲ, ಅಳಲೆಕಾಯಿ ರಸಕ್ಕೆ ಕಬ್ಬಿಣ ಹಾಕಿ ಹಿಂದೆ ಮಸಿ ಮಾಡುತ್ತಿದ್ದರಲ್ಲ, ಅದೇ ಆಟ. ಚೊಗರಿನ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಕಪ್ಪು ಪದರ ಕಟ್ಟುತ್ತದೆ. ತೆಳುವಾದ, ಗಟ್ಟಿ ಕೂತ ತುಕ್ಕಿಗೆ ಇದು ಸರಿ. ಪದರ ಪದರವಾಗಿ ಎದ್ದ ತುಕ್ಕಿಗೆ ಮೇಲ್ಮೈ ಮಾತ್ರ ಕಪ್ಪಾಗಿ ಒಳಗೆ ಹಾಗೇ ಉಳಿಯುತ್ತದೆ. ಸಣ್ಣ ಸಾಮಾನು, ಅಂದರೆ ಹಿಂಜ್, ಬ್ರಾಕೆಟ್, ಟಾಪಿನ ಕ್ಲಾಂಪು ಇಂಥವಕ್ಕೆ ನಾನು ಕಾಕಂಬಿ ಬಳಸುತ್ತೇನೆ. ಒಂದು ಪಾಲು ಕಾಕಂಬಿಗೆ ಎಂಟು ಹತ್ತು ಪಾಲು ನೀರು, ಎರಡು ವಾರ ಮುಳುಗಿಸಿಡಿ. ತುಕ್ಕು ತಾನಾಗಿ ಬಿಡುತ್ತದೆ, ಕಬ್ಬಿಣ ಹಾಗೇ ಇರುತ್ತದೆ. ಅಲ್ಯೂಮಿನಿಯಂ ಸಾಮಾನು ಮಾತ್ರ ಹಾಕಬೇಡಿ, ತಿಂದುಬಿಡುತ್ತದೆ. ನಾತಕ್ಕೆ ಮನೆಯವರು ಬಯ್ಯುತ್ತಾರೆ, ಕೊಟ್ಟಿಗೆ ಹಿಂದೆ ಇಡಿ.

ಎಲ್ಲಕ್ಕಿಂತ ಕಡಿಮೆ ಮಾತಾಡುವ, ಆದರೆ ನನಗೆ ಜಾಸ್ತಿ ನಂಬಿಕೆ ಇರುವ ದಾರಿ ಮೇಣದ್ದು. ಟೊಳ್ಳುಗಳಿಗೆ ಸಿಂಪಡಿಸುವ ಕ್ಯಾವಿಟಿ ವ್ಯಾಕ್ಸ್, ಅಥವಾ ಕುರಿ ಉಣ್ಣೆಯ ಜಿಡ್ಡಿನಿಂದ ಮಾಡಿದ ಲ್ಯಾನೊಲಿನ್. ಇದು ಗಟ್ಟಿಯಾಗಿ ಬಿರಿಯುವುದಿಲ್ಲ, ಹರಿದು ಸಂದಿಗೆ ಹೋಗುತ್ತದೆ. ಜೀಪಿನ ಫ್ಲೋರಿನ ಅಡಿಯಲ್ಲಿ ಟೋಪಿ ಆಕಾರದ ಚಾನೆಲ್‌ಗಳು ಇರುತ್ತವೆ. ವಿಲ್ಲಿಸ್ ಎಂಬಿಯಲ್ಲಿ ಅವುಗಳ ಒಳಗೆ ಮರದ ಪಟ್ಟಿಯನ್ನೂ ಇಟ್ಟಿದ್ದರು. ಆ ಮರ ನೀರು ಕುಡಿದು ಕೂತರೆ ಫ್ಲೋರು ಒಳಗಿನಿಂದ ಹೋಗುತ್ತದೆ. ಅಂಥ ಜಾಗಕ್ಕೆ ಬ್ರಷ್ಷು, ಬಣ್ಣದ ಗನ್ನು ಯಾವುದೂ ತಲುಪುವುದಿಲ್ಲ, ಉದ್ದ ನಳಿಗೆಯಲ್ಲಿ ಮೇಣ ತಲುಪುತ್ತದೆ. ಬಿಚ್ಚುವ ಗೋಜಿಲ್ಲ, ಬೇಡವಾದರೆ ಸೀಮೆಎಣ್ಣೆಯಲ್ಲಿ ಒರೆಸಬಹುದು. ತೊಂದರೆ ಎರಡು: ಪ್ರತಿ ವರ್ಷ ಹಚ್ಚಬೇಕು, ಚಕ್ರದ ನೀರು ನೇರ ಹೊಡೆಯುವಲ್ಲಿ ಬೇಗ ತೊಳೆದುಹೋಗುತ್ತದೆ. ಹಚ್ಚುವುದು ಏಪ್ರಿಲ್‌ನಲ್ಲಿ, ಗಾಡಿ ಪೂರ್ತಿ ಒಣಗಿದ್ದಾಗ.

ಬದಲಿಗೆ ಸುಟ್ಟ ಎಂಜಿನ್ ಆಯಿಲ್ ಹೊಡೆಯುವವರು ನಮ್ಮಲ್ಲಿ ಬಹಳ. ಪುಕ್ಕಟೆ, ಸ್ವಲ್ಪ ಕೆಲಸವೂ ಮಾಡುತ್ತದೆ. ಆದರೆ ಅದರಲ್ಲಿ ಆಮ್ಲ ಇರುತ್ತದೆ, ರಬ್ಬರ್ ಬುಷ್ಷುಗಳು ಉಬ್ಬಿ ಹಾಳಾಗುತ್ತವೆ, ಚರ್ಮಕ್ಕೂ ಒಳ್ಳೆಯದಲ್ಲ. ಮೊದಲ ಮಳೆಗೆ ಅದು ಸೀದಾ ಹಳ್ಳಕ್ಕೆ, ಅದೇ ಹಳ್ಳದ ನೀರು ತೋಟಕ್ಕೆ.

ಜೀಪಲ್ಲದ ಗಾಡಿ ಇದ್ದರೆ

ಬೆಂಗಳೂರು, ಮೈಸೂರಿನ ಕಡೆ ಎಂಜಿಬಿಯಂಥ ಬಟ್ಟೆ ಟಾಪಿನ ಕಾರು ಇಟ್ಟುಕೊಂಡವರು ಒಂದು ವ್ಯತ್ಯಾಸ ಗಮನಿಸಬೇಕು. ಜೀಪಿಗೆ, ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟಾಂಡರ್ಡ್ ಹೆರಾಲ್ಡಿಗೆ ಬೇರೆ ಚಾಸಿ ಇದೆ. ಬಾಡಿ ತುಕ್ಕು ಹಿಡಿದರೂ ಗಾಡಿ ನಿಂತಿರುತ್ತದೆ. 1962ರಿಂದ 1980ರವರೆಗೆ ಬಂದ ಎಂಜಿಬಿಗೆ ಬಾಡಿಯೇ ಬೆನ್ನೆಲುಬು. ಮೇಲೆ ಛಾವಣಿ ಇಲ್ಲದ್ದರಿಂದ ಬಾಗಿಲ ಕೆಳಗಿನ ಸಿಲ್ ಪೂರ್ತಿ ಭಾರ ಹೊರುತ್ತದೆ. ಜ್ಯಾಕ್ ಏರಿಸಿದಾಗ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಟಾಪಿನ ಯೋಚನೆ ಬದಿಗಿಡಿ, ಮೊದಲು ಸಿಲ್. ಆ ಕಾರಿಗೆ ಕ್ಯಾವಿಟಿ ವ್ಯಾಕ್ಸ್ ಬಿಟ್ಟು ಬೇರೆ ಆಯ್ಕೆಯನ್ನು ನಾನು ಮೊದಲಿಗೆ ಹೇಳುವುದಿಲ್ಲ.

ದುಡ್ಡು ಎಲ್ಲಿ ಮೊದಲು ಹಾಕೋದು

ಕೈಯಲ್ಲಿ ಸ್ವಲ್ಪವೇ ಇದ್ದರೆ: ಫ್ಲೋರಿನ ತೂತು ಬಿಡಿಸಿ, ಮ್ಯಾಟು ಕಿತ್ತು ಬಿಸಾಕಿ, ವಿಂಡ್‌ಶೀಲ್ಡ್ ರಬ್ಬರ್ ಬದಲಿಸಿ, ಟೊಳ್ಳಿಗೆಲ್ಲ ಮೇಣ ಹೊಡೆಸಿ. ಟಾಪು ಹರಿದೇ ಇರಲಿ, ಪರವಾಗಿಲ್ಲ. ಮಧ್ಯಮ ಬಜೆಟ್ ಇದ್ದರೆ ಕೊಳೆತ ತಗಡು ಕತ್ತರಿಸಿ ಹೊಸದು ಬೆಸೆಸಿ, ಪುಟ್ಟಿ ತುಂಬಿಸಬೇಡಿ, ಮೇಲೆ ಪ್ರೈಮರ್, ಬಣ್ಣ, ಆಮೇಲೆ ರೆಕ್ಸಿನ್ ಟಾಪು. ಚೆನ್ನಾಗಿ ಖರ್ಚು ಮಾಡುವವರು ಬಾಡಿ ಇಳಿಸಿ ಎಪಾಕ್ಸಿ ಮಾಡಿಸಿ, ಆದರೆ ಅದರ ಜೊತೆಗೆ ನಾಲ್ಕು ಕಂಬದ ಒಂದು ಶೆಡ್ಡೂ ಕಟ್ಟಿಸಿ. ಬದಿ ತೆರೆದಿರಲಿ, ನೆಲಕ್ಕೆ ಕಲ್ಲು ಹಾಸಿ. ಪ್ಲಾಸ್ಟಿಕ್ ಕವರ್ ಸುತ್ತಿಟ್ಟ ಗಾಡಿಗಿಂತ ಹೀಗೆ ಗಾಳಿಯಲ್ಲಿ ನಿಂತ ಗಾಡಿ ಜಾಸ್ತಿ ದಿನ ಬಾಳುತ್ತದೆ.

ನನ್ನ ಭಾವಮೈದುನ ಕೊನೆಗೆ ಫೈಬರ್ ಆಸೆ ಬಿಟ್ಟ. ಫ್ಲೋರಿಗೆ ಹೊಸ ತಗಡು ಬೆಸೆಸಿದ, ಕೆಳಗೆ ಮೇಣ ಹೊಡೆಸಿದ, ಉಳಿದ ದುಡ್ಡಿಗೆ ರೆಕ್ಸಿನ್ ಟಾಪು ಹೊಲಿಸಿದ. ಪೊಟ್ಯಾಷ್ ಮೂಟೆ ಈಗ ಪಕ್ಕದ ಮನೆಯವರ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಬರುತ್ತದೆ.